ಹಳೆಯ ಲ್ಯಾಪ್‌ಟಾಪ್ ಆಮೆಯಂತಾಗಿದೆಯೇ? ಫಾರ್ಮ್ಯಾಟ್ ಹೊಡೆಯುವ ಮೊದಲು ಡಿಸ್ಕ್ ಪರೀಕ್ಷಿಸಿ

ಆನ್ ಮಾಡಿ ಹತ್ತು ನಿಮಿಷ ಕಳೆದರೂ ಡೆಸ್ಕ್‌ಟಾಪ್ ನೆಟ್ಟಗೆ ಬರುವುದಿಲ್ಲ. ಬ್ರೌಸರ್ ಒತ್ತಿದರೆ ನೀಲಿ ಉಂಗುರ ಸುತ್ತುತ್ತಲೇ ಇರುತ್ತದೆ, ಫೈಲ್ ತೆರೆದರೆ ಮೇಲಿನ ಪಟ್ಟಿಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂದು ಬರುತ್ತದೆ. 2014ರಿಂದ 2018ರ ನಡುವೆ ಕೊಂಡ, 4 ಜಿಬಿ ರ‍್ಯಾಮ್ ಮತ್ತು 500 ಜಿಬಿ ಅಥವಾ 1 ಟಿಬಿ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್‌ಗಳ ದೂರು ಬಹುಮಟ್ಟಿಗೆ ಇದೇ. ‘ಫಾರ್ಮ್ಯಾಟ್ ಹೊಡೆಸಿಬಿಡಿ, ಸರಿಹೋಗುತ್ತೆ’ ಎಂಬ ಸಲಹೆ ಎಲ್ಲ ಕಡೆಯೂ ಸಿಗುತ್ತದೆ. ಅಂದರೆ ಡಿಸ್ಕನ್ನು ಅಳಿಸಿ ಓಎಸ್ (ವಿಂಡೋಸ್‌ನಂಥ ಮೂಲ ತಂತ್ರಾಂಶ) ಹೊಸದಾಗಿ ಹಾಕುವುದು.

ವರ್ಷಗಳಿಂದ ಕೂಡಿಬಿದ್ದ ಸಾಫ್ಟ್‌ವೇರ್ ಕಸ, ಮೂರು ಮೂರು ಆ್ಯಂಟಿವೈರಸ್, ಅರ್ಧಕ್ಕೇ ನಿಂತ ಅಪ್‌ಡೇಟ್, ವೈರಸ್ ಇವೆಲ್ಲ ಕಾರಣವಾಗಿದ್ದರೆ ಓಎಸ್ ಹೊಸದಾಗಿ ಹಾಕಿದಾಗ ನಿಜಕ್ಕೂ ಸರಿಹೋಗುತ್ತದೆ. ಆದರೆ ಹಾರ್ಡ್ ಡಿಸ್ಕೇ ಸಾಯುತ್ತಿದ್ದರೆ, ಫಾರ್ಮ್ಯಾಟ್ ಮಾಡುವುದು ಹೆಂಚು ಒಡೆದ ಮನೆಗೆ ಸುಣ್ಣ ಬಳಿದ ಹಾಗೆ. ಎರಡು ವಾರದಲ್ಲಿ ಅದೇ ನಿಧಾನ ಮರಳಿ ಬರುತ್ತದೆ, ಅಷ್ಟರಲ್ಲಿ ಹಳೆಯ ಫೋಟೊ, ಲೆಕ್ಕಪತ್ರ ಎಲ್ಲ ಅಳಿಸಿಹೋಗಿರುತ್ತವೆ. ಆದ್ದರಿಂದ ಮೊದಲು ಅರ್ಧ ಗಂಟೆ ಕೊಟ್ಟು ದೋಷ ಎಲ್ಲಿದೆ ಎಂದು ಹಿಡಿಯಿರಿ.

ನಿಧಾನ, ಆದರೆ ಯಾವುದು ನಿಧಾನ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಮೂರನ್ನೂ ಐದೈದು ನಿಮಿಷ ಗಮನಿಸಿ. ಲ್ಯಾಪ್‌ಟಾಪ್ ಆನ್ ಆದ ತಕ್ಷಣದ ಅಂಕಿಗಳನ್ನು ನಂಬಬೇಡಿ. ಹದಿನೈದು ನಿಮಿಷ ಸುಮ್ಮನೆ ಬಿಟ್ಟು ನೋಡಿ.

ಡಿಸ್ಕ್ 100% ಎಂದು ತೋರಿಸಿದರೆ ಅಲ್ಲಿಗೇ ತೀರ್ಮಾನಕ್ಕೆ ಬರಬಾರದು. ಕೆಳಗೆ ಓದುವ ಮತ್ತು ಬರೆಯುವ ವೇಗ, ‘ಆವರೇಜ್ ರೆಸ್ಪಾನ್ಸ್ ಟೈಮ್’ ಎಂಬ ಸಾಲುಗಳಿವೆ. 100% ಇದ್ದು, ವೇಗ ಸೆಕೆಂಡಿಗೆ 60–80 ಎಂಬಿ ಇದ್ದರೆ ಡಿಸ್ಕ್ ದುಡಿಯುತ್ತಿದೆ, ಅಷ್ಟೇ. ವೇಗ 1–2 ಎಂಬಿ, ರೆಸ್ಪಾನ್ಸ್ ಟೈಮ್ ಕೆಲವು ನೂರು ಮಿಲಿಸೆಕೆಂಡ್ ಇದ್ದರೆ, ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್ ನೂರಾರು ಚಿಕ್ಕ ಫೈಲ್‌ಗಳ ಹಿಂದೆ ಓಡಾಡಿ ಸುಸ್ತಾಗಿದೆ ಎಂದರ್ಥ. ಅದು ಆ ತಂತ್ರಜ್ಞಾನದ ಮಿತಿ, ರೋಗವಲ್ಲ. ಆದರೆ ಏನೂ ತೆರೆಯದೆ ಕೂತಾಗಲೂ 100%, ವೇಗ ಅರ್ಧ ಎಂಬಿಗಿಂತ ಕಡಿಮೆ, ರೆಸ್ಪಾನ್ಸ್ ಟೈಮ್ 3000, 5000 ಮಿಲಿಸೆಕೆಂಡ್ ಎಂದು ಏರುತ್ತಿದ್ದರೆ, ಡಿಸ್ಕ್ ಒಂದೇ ಜಾಗವನ್ನು ಓದಲಾಗದೆ ಮತ್ತೆ ಮತ್ತೆ ಪ್ರಯತ್ನಿಸುತ್ತಿದೆ. ಇಲ್ಲಿ ಓಎಸ್ ಹಾಕುವ ಯೋಚನೆ ಬಿಟ್ಟು, ಡೇಟಾ ಉಳಿಸುವ ಕೆಲಸಕ್ಕೆ ಕೈಹಾಕಿ.

ಮೆಮೊರಿ 85–90% ತುಂಬಿದ್ದರೆ ವಿಂಡೋಸ್ ಹೆಚ್ಚಾದ ಮಾಹಿತಿಯನ್ನು ಡಿಸ್ಕಿಗೆ ತಳ್ಳುತ್ತಿರುತ್ತದೆ. ಆಗ ಡಿಸ್ಕೂ 100% ತೋರಿಸುತ್ತದೆ. ಇಲ್ಲಿ ಮೂಲ ಕಾರಣ ರ‍್ಯಾಮ್ ಸಾಲದಿರುವುದು.

ಡಿಸ್ಕಿನ ಆರೋಗ್ಯ ನೋಡುವುದು

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಸಾಕು. ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆಯನ್ನು ಅದು ಓದಿ ತೋರಿಸುತ್ತದೆ. ಮೇಲೆ ನೀಲಿ ‘ಗುಡ್’, ಹಳದಿ ‘ಕಾಶನ್’, ಕೆಂಪು ‘ಬ್ಯಾಡ್’ ಎಂದು ಬರುತ್ತದಾದರೂ ಅದಕ್ಕಿಂತ ಕೆಳಗಿನ ಪಟ್ಟಿ ಮುಖ್ಯ. ಬಲತುದಿಯ ‘ರಾ ವ್ಯಾಲ್ಯೂಸ್’ ಕಾಲಂ ಮೊದಲಿಗೆ ಹದಿನಾರರ ಮೂಲದ ಅಂಕಿಗಳಲ್ಲಿರುತ್ತದೆ. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್‌ಗೆ ಹೋಗಿ ರಾ ವ್ಯಾಲ್ಯೂಸ್ ಅನ್ನು ದಶಮಾಂಶಕ್ಕೆ ಬದಲಿಸಿಕೊಂಡರೆ ಓದಲು ಸುಲಭ.

ನಾಲ್ಕು ಸಾಲು ನೋಡಿ. 05ನೇ ಸಾಲು, ಕೆಟ್ಟುಹೋಗಿ ಬದಲಿ ಜಾಗಕ್ಕೆ ಸಾಗಿಸಲಾದ ಸೆಕ್ಟರ್‌ಗಳ (ಡಿಸ್ಕಿನ ಸಣ್ಣ ಸಣ್ಣ ಖಾನೆಗಳ) ಲೆಕ್ಕ. ಸಣ್ಣ ಸಂಖ್ಯೆಯಿದ್ದು ತಿಂಗಳುಗಟ್ಟಲೆ ಹಾಗೇ ಇದ್ದರೆ ಡಿಸ್ಕ್ ಇನ್ನೂ ಸ್ವಲ್ಪ ಕಾಲ ನಡೆದೀತು. ವಾರದಿಂದ ವಾರಕ್ಕೆ ಏರುತ್ತಿದ್ದರೆ ನಂಬಬೇಡಿ. ಸಿ5, ಓದಲಾಗದೆ ಕಾದು ಕುಳಿತಿರುವ ಸೆಕ್ಟರ್‌ಗಳು. ಲ್ಯಾಪ್‌ಟಾಪ್ ನಡುನಡುವೆ ಹೆಪ್ಪುಗಟ್ಟಿದಂತೆ ನಿಲ್ಲುವುದಕ್ಕೆ ಕಾರಣ ಹೆಚ್ಚಾಗಿ ಇದೇ. ಇಲ್ಲಿ ಸೊನ್ನೆ ಬಿಟ್ಟು ಬೇರೇನೇ ಇದ್ದರೂ ಮೊದಲು ಬ್ಯಾಕಪ್. ಸಿ6, ಸರಿಪಡಿಸಲಾಗದವು. ಇನ್ನು ಸಿ7 ಮಾತ್ರ ಏರುತ್ತಿದ್ದು ಉಳಿದ ಮೂರೂ ಸೊನ್ನೆಯಿದ್ದರೆ ದೋಷ ಡಿಸ್ಕಿನದ್ದಲ್ಲ, ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ತೆಳು ಕೇಬಲ್ ಅಥವಾ ಕನೆಕ್ಟರ್‌ನದ್ದು. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಇದು ಕಾಗದದಷ್ಟು ತೆಳ್ಳಗಿನ ಪಟ್ಟಿ. ಮಡಿಕೆಯ ಜಾಗದಲ್ಲಿ ವರ್ಷಗಳು ಕಳೆದಂತೆ ಸವೆಯುತ್ತದೆ. ಇದನ್ನು ಗಮನಿಸದೆ ಡಿಸ್ಕ್ ಬದಲಿಸಿದವರಿಗೆ ಹೊಸ ಎಸ್‌ಎಸ್‌ಡಿಯಲ್ಲೂ (ತಿರುಗುವ ಭಾಗಗಳಿಲ್ಲದ, ಚಿಪ್‌ಗಳ ಡಿಸ್ಕ್) ಅದೇ ತೊಂದರೆ ಕಾಣುತ್ತದೆ.

ಸಿ5 ಏರಿರುವ ಡಿಸ್ಕಿನ ಮೇಲೆ ವಿಂಡೋಸ್‌ನ ಡಿಸ್ಕ್ ಪರೀಕ್ಷಕ ಚೆಕ್‌ಡಿಸ್ಕ್‌ನ ಸಂಪೂರ್ಣ ಪರೀಕ್ಷೆ ಓಡಿಸಬೇಡಿ. ಅದು ಡಿಸ್ಕಿನ ಪ್ರತಿ ಮೂಲೆಯನ್ನೂ ಓದಿಸಿ, ಉಳಿದಿರುವ ಜೀವವನ್ನು ಆ ಪರೀಕ್ಷೆಗೇ ಖರ್ಚು ಮಾಡುತ್ತದೆ. ಬ್ಯಾಕಪ್ ಕೈಗೆ ಬಂದ ಮೇಲೆ ಬೇಕಾದರೆ ಮಾಡಿ.

ಶಾಖ, ಚಾರ್ಜರ್, ಬ್ಯಾಟರಿ

ಡಿಸ್ಕ್, ಮೆಮೊರಿ ಎರಡೂ ಸರಿಯಿದ್ದು ಲ್ಯಾಪ್‌ಟಾಪ್ ಎಳೆಯುತ್ತಿದ್ದರೆ ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ವೇಗ ನೋಡಿ. ಕೆಲಸ ಕೊಟ್ಟಾಗಲೂ 0.8 ಗಿಗಾಹರ್ಟ್ಸ್ ಅಥವಾ ಅದಕ್ಕೂ ಕೆಳಗೆ ಅಂಟಿಕೊಂಡಿದ್ದರೆ ಕಾರಣ ಎರಡರಲ್ಲಿ ಒಂದು. ತಾಪಮಾನ 95 ಡಿಗ್ರಿ ದಾಟಿದ್ದರೆ ಫ್ಯಾನಿನ ಬಾಯಿಯಲ್ಲಿ ದೂಳು ಕಂಬಳಿಯಂತೆ ಕೂತಿದೆ, ಇಲ್ಲವೇ ಸಿಪಿಯುವಿನ ಶಾಖ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿದೆ. ತಾಪಮಾನ 50ರ ಆಸುಪಾಸಿನಲ್ಲೇ ಇದ್ದೂ ವೇಗ ಏರದಿದ್ದರೆ ಚಾರ್ಜರ್ ಅನುಮಾನಿಸಿ. ಕೆಲವು ಕಂಪನಿಗಳ ಲ್ಯಾಪ್‌ಟಾಪ್‌ಗಳು ಚಾರ್ಜರಿನ ನಡುವಿನ ಸಣ್ಣ ಪಿನ್ ಮೂಲಕ ಅದರ ವ್ಯಾಟ್ ಕೇಳಿ ತಿಳಿಯುತ್ತವೆ. ಉತ್ತರ ಸಿಗದಿದ್ದರೆ ಸಿಪಿಯು ವೇಗವನ್ನು ತಾವೇ ತಗ್ಗಿಸುತ್ತವೆ. ಈ ದೋಷ ಎಷ್ಟು ಸಲ ಓಎಸ್ ಹಾಕಿದರೂ ಹೋಗುವುದಿಲ್ಲ.

ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ, ತಳದ ಕವಚ ಬಾಯಿಬಿಟ್ಟಿದ್ದರೆ ಒಳಗೆ ಬ್ಯಾಟರಿ ಊದಿದೆ. ಮುಂದಿನ ಯಾವ ಕೆಲಸವನ್ನೂ ಮಾಡಬೇಡಿ. ಚಾರ್ಜರ್ ಕಿತ್ತು, ಬ್ಯಾಟರಿಯನ್ನು ಅನುಭವಸ್ಥರಿಂದ ತೆಗೆಸಿ. ಊದಿದ ಬ್ಯಾಟರಿಯನ್ನು ಒತ್ತಿದರೆ, ಚುಚ್ಚಿದರೆ ಬೆಂಕಿ ಹತ್ತಬಹುದು.

ದಿನಾಂಕ ಪ್ರತಿಸಲ ಹಿಂದಕ್ಕೆ ಹೋಗುತ್ತಿದೆ, ಎಲ್ಲ ವೆಬ್‌ಸೈಟೂ ‘ಸುರಕ್ಷಿತವಲ್ಲ’ ಎನ್ನುತ್ತಿದೆ ಎಂದಾದರೆ ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದೆ. 3 ವೋಲ್ಟಿನ 2032 ಸೆಲ್, ಕೆಲವು ಮಾದರಿಗಳಲ್ಲಿ ವೈರ್ ಸಮೇತ ಬರುತ್ತದೆ. ಇದು ಸತ್ತರೆ ಬಯೋಸ್ (ಓಎಸ್‌ಗೂ ಮೊದಲು ಓಡುವ, ಮದರ್‌ಬೋರ್ಡಿನ ತಂತ್ರಾಂಶ) ಸೆಟ್ಟಿಂಗೂ ಮರೆತುಹೋಗಬಹುದು. ಡಿಸ್ಕ್ ಮೋಡ್ ಬದಲಾಗಿ, ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬರುತ್ತದೆ. ಓಎಸ್ ಹಾಳಾಯಿತೆಂದು ಫಾರ್ಮ್ಯಾಟ್ ಮಾಡುವ ಮೊದಲು ಬಯೋಸ್‌ನಲ್ಲಿ ಸಾಟಾ ಮೋಡ್ (ಡಿಸ್ಕ್ ಜೋಡಣೆಯ ವಿಧಾನ) ಮೊದಲಿನಂತೆಯೇ ಇದೆಯೇ ನೋಡಿ.

ಅಳಿಸುವ ಮುನ್ನ ತೆಗೆದಿಡಬೇಕಾದದ್ದು

‘ನನ್ನದೆಲ್ಲ ಡಿ ಡ್ರೈವ್‌ನಲ್ಲಿದೆ, ತೊಂದರೆಯಿಲ್ಲ’ ಎಂಬ ಮಾತಿಗೆ ಎರಡು ತೂತು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಇರುವುದು ಸಿ ಡ್ರೈವ್‌ನಲ್ಲಿ. ಎರಡನೆಯದು, ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಕೋಣೆಗಳು; ಡಿಸ್ಕ್ ಸತ್ತರೆ ಎರಡೂ ಹೋಗುತ್ತವೆ. ಹೊರಗಿನ ಡಿಸ್ಕಿಗೆ ನಕಲು ಮಾಡಿ, ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ನಾಲ್ಕಾರು ಫೈಲ್ ನಿಜಕ್ಕೂ ತೆರೆಯುತ್ತವೆಯೇ ಎಂದು ನೋಡಿದ ಮೇಲಷ್ಟೇ ಅದು ಬ್ಯಾಕಪ್.

ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಫೋಲ್ಡರನ್ನು ಪೂರ್ತಿ ತೆಗೆದುಕೊಳ್ಳಿ, ಅದರೊಳಗೆ ಅಡಗಿರುವ ಆ್ಯಪ್‌ಡೇಟಾ ಸಮೇತ. ಬ್ರೌಸರಿನ ಬುಕ್‌ಮಾರ್ಕ್, ಸ್ಟಿಕಿ ನೋಟ್ಸ್ ಅಲ್ಲೇ ಇರುತ್ತವೆ. ಬ್ರೌಸರಿನ ಪಾಸ್‌ವರ್ಡ್‌ಗಳು ಹೀಗೆ ನಕಲು ಮಾಡಿದರೆ ಹೊಸ ವಿಂಡೋಸ್‌ನಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಮೊದಲೇ ಎಕ್ಸ್‌ಪೋರ್ಟ್ ಮಾಡಿ ಅಥವಾ ಖಾತೆಗೆ ಸಿಂಕ್ ಮಾಡಿ. ಟ್ಯಾಲಿ ಬಳಸುವವರು ಅದರೊಳಗಿನ ಬ್ಯಾಕಪ್ ಆಯ್ಕೆಯನ್ನೂ ಬಳಸಿ, ಡೇಟಾ ಫೋಲ್ಡರನ್ನೂ ಪ್ರತ್ಯೇಕವಾಗಿ ನಕಲು ಮಾಡಿ. ಟೆಂಡರ್, ಜಿಎಸ್‌ಟಿ ಕೆಲಸಕ್ಕೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇದ್ದವರು ಹೆದರಬೇಕಿಲ್ಲ, ಕೀಲಿ ಟೋಕನ್ ಒಳಗೇ ಇರುತ್ತದೆ. ಡ್ರೈವರ್ ಮಾತ್ರ ಮತ್ತೆ ಹಾಕಬೇಕು. ಟೋಕನ್‌ನ ಪಾಸ್‌ವರ್ಡ್ ನೆನಪಿದೆಯೇ ನೋಡಿಕೊಳ್ಳಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಗಂಡಾಂತರವಿದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಸಂಕೇತದಲ್ಲಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ ಫಾಂಟುಗಳವು. ಓಎಸ್ ಹೊಸದಾದ ಮೇಲೆ ಅದೇ ಕಡತ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕಡತ ಹಾಳಾಗಿಲ್ಲ, ಫಾಂಟ್ ಇಲ್ಲ, ಅಷ್ಟೇ. ಆದರೆ ಹತ್ತು ವರ್ಷ ಹಿಂದಿನ ಅದೇ ಫಾಂಟನ್ನು ಆಮೇಲೆ ಹುಡುಕುವುದು ತಲೆನೋವು. ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್‌ನಿಂದ ‘ನುಡಿ’, ‘ಬಿಆರ್‌ಎಚ್’ ಎಂದು ಆರಂಭವಾಗುವ ಎಲ್ಲ ಫಾಂಟುಗಳನ್ನೂ ಒಂದು ಫೋಲ್ಡರಿಗೆ ಎತ್ತಿಡಿ. ಮುಖ್ಯವಾದ ದಾಖಲೆಗಳನ್ನು ಹಳೆಯ ವಿಂಡೋಸ್ ಇನ್ನೂ ನಡೆಯುತ್ತಿರುವಾಗಲೇ ಪಿಡಿಎಫ್ ಮಾಡಿ ಇಡಿ, ಸಾಧ್ಯವಾದರೆ ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪುತ್ತವೆ. ‘ಧರ್ಮ’, ‘ಕಾರ್ಯ’ದಂಥ ಪದಗಳನ್ನು ಹುಡುಕಿ ನೋಡಿದರೆ ತಪ್ಪು ಬೇಗ ಸಿಗುತ್ತದೆ.

ವಿಂಡೋಸ್ ತೆರೆಯುವುದೇ ಇಲ್ಲ ಎಂದಾದರೂ ದಾರಿಯಿದೆ. ಲಿನಕ್ಸ್ ಮಿಂಟ್ ಎಂಬ ಉಚಿತ ಓಎಸ್ ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ (ಲ್ಯಾಪ್‌ಟಾಪ್ ಆನ್ ಮಾಡಿ), ಏನನ್ನೂ ಇನ್‌ಸ್ಟಾಲ್ ಮಾಡದೆ, ಫೈಲ್ ಮ್ಯಾನೇಜರಿನಲ್ಲಿ ಡಿಸ್ಕ್ ತೆರೆದು ನಕಲು ಮಾಡಿ. ಡಿಸ್ಕ್ ಬಿಟ್‌ಲಾಕರ್‌ನಿಂದ ಬೀಗ ಹಾಕಿದ್ದರೆ 48 ಅಂಕಿಗಳ ರಿಕವರಿ ಕೀ ಬೇಕು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ನಕಲು ಮಾಡುವಾಗ ಒಂದು ಫೈಲಿನಲ್ಲಿ ಸಿಕ್ಕಿಹಾಕಿಕೊಂಡರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಿ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ತೆಗೆದು, ಕಷ್ಟದ್ದಕ್ಕೆ ಕೊನೆಗೆ ಬನ್ನಿ. ಡಿಡಿರೆಸ್ಕ್ಯೂ ಎಂಬ ಲಿನಕ್ಸ್ ತಂತ್ರಾಂಶ ಇದೇ ಕ್ರಮದಲ್ಲಿ ಇಡೀ ಡಿಸ್ಕನ್ನು ನಕಲು ಮಾಡುತ್ತದೆ. ಡಿಸ್ಕ್ ಟಕ್ ಟಕ್ ಎಂದು ಬಡಿಯುತ್ತಿದ್ದರೆ ಆಫ್ ಮಾಡಿ. ಅದು ಡೇಟಾ ರಿಕವರಿ ಮಾಡುವವರ ಕೆಲಸ.

ಎಸ್‌ಎಸ್‌ಡಿ ಮತ್ತು ರ‍್ಯಾಮ್

ಡಿಸ್ಕ್ ಆರೋಗ್ಯವಾಗಿದ್ದರೂ, ಓಎಸ್ ಹಾಕುವ ಶ್ರಮ ಪಡುವುದಾದರೆ ಎಸ್‌ಎಸ್‌ಡಿಗೇ ಹಾಕಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 500 ಎಂಬಿ ಓದುತ್ತದೆ. ಹಳೆಯ ಸಾಟಾ 2 ಲ್ಯಾಪ್‌ಟಾಪಿನಲ್ಲಿ ಅದರ ಅರ್ಧ ಸಿಕ್ಕರೂ ಬದಲಾವಣೆ ಅಗಾಧ. ಏಕೆಂದರೆ ನಿಜವಾದ ಲಾಭ ಚಿಕ್ಕ ಫೈಲ್‌ಗಳನ್ನು ಹುಡುಕುವ ವೇಗದಲ್ಲಿದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡಾಡುವ ಸೂಜಿಯೂ ಇಲ್ಲ.

2.5 ಇಂಚಿನ, 7 ಮಿಲಿಮೀಟರ್ ದಪ್ಪದ ಎಸ್‌ಎಸ್‌ಡಿ ಕೊಳ್ಳಿ. ಹಳೆಯ ಡಿಸ್ಕ್ 9.5 ಮಿಲಿಮೀಟರ್ ಇದ್ದರೆ ಹಳೆಯ ಲೋಹದ ಚೌಕಟ್ಟನ್ನು ಬಿಚ್ಚಿ ಹೊಸದಕ್ಕೆ ಹಾಕಿದರೆ ಅಲುಗಾಡದೆ ಕೂರುತ್ತದೆ. ತೆಳು ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಇದೆಯೆಂದು ಇನ್ನೂ ವೇಗದ ಎನ್‌ವಿಎಂಇ ಬಗೆಯದನ್ನು ತರಬೇಡಿ. 2015–16ರ ಅನೇಕ ಮಾದರಿಗಳಲ್ಲಿ ಆ ಸ್ಲಾಟಿಗೆ ಸಾಟಾ ಮಾತ್ರ ಗೊತ್ತು. ಬಿಚ್ಚುವ ಮೊದಲು ಚಾರ್ಜರ್ ತೆಗೆದು, ಬ್ಯಾಟರಿ ಕಳಚಿ, ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಬ್ಯಾಟರಿ ಒಳಗಿದ್ದರೆ ತಳ ಬಿಚ್ಚಿದ ಕೂಡಲೇ ಅದರ ಕನೆಕ್ಟರ್ ಕೀಳಿ. ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಕಾಗದದ ಮೇಲೆ ತಳದ ಚಿತ್ರ ಬರೆದು ಆಯಾ ಜಾಗಕ್ಕೆ ಸ್ಕ್ರೂ ಚುಚ್ಚಿಡಿ. ಉದ್ದದ ಸ್ಕ್ರೂ ಗಿಡ್ಡ ಜಾಗಕ್ಕೆ ಹಾಕಿದರೆ ಕೀಬೋರ್ಡ್ ಕಡೆ ತೂತಾಗುತ್ತದೆ.

ರ‍್ಯಾಮ್ 4ರಿಂದ 8 ಜಿಬಿಗೆ ಏರಿಸಿದರೆ ಸಾಕು. ಇಂಟೆಲ್ 4ನೇ ತಲೆಮಾರಿನ ಲ್ಯಾಪ್‌ಟಾಪ್‌ಗಳಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕು, 1.5 ವೋಲ್ಟಿನ ಹಳೆಯ ಡಿಡಿಆರ್3 ಅದೇ ಸ್ಲಾಟಿನಲ್ಲಿ ಕೂರುತ್ತದಾದರೂ ಆನ್ ಆಗದಿರಬಹುದು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬಿಡಿಯಾಗಿ ಕೊಳ್ಳುವವರು ಹಳೆಯ ರ‍್ಯಾಮ್ ಕಡ್ಡಿಯನ್ನೇ ಕೈಯಲ್ಲಿ ಹಿಡಿದು ಹೋಗಿ. ಅದರ ಮೇಲಿನ ಚೀಟಿಯಲ್ಲಿ ‘ಪಿಸಿ3ಎಲ್’ ಎಂದು ಅಚ್ಚಾಗಿದ್ದರೆ ಅದು ಕಡಿಮೆ ವೋಲ್ಟಿನದ್ದು.

ಯಾವ ಓಎಸ್?

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 22ಎಚ್2 ಆವೃತ್ತಿಯಲ್ಲಿರುವ ಮನೆಬಳಕೆಯವರು ವಿಸ್ತರಿತ ಭದ್ರತಾ ಅಪ್‌ಡೇಟಿಗೆ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ರಕ್ಷಣೆಯಿದೆ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿತು. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್ 8ನೇ ತಲೆಮಾರು ಮತ್ತು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಕೇಳುತ್ತದೆ. ತಪಾಸಣೆ ತಪ್ಪಿಸಿ ಹಳೆಯ ಯಂತ್ರಕ್ಕೆ ಹಾಕಬಹುದು, ಆದರೆ ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿಗಳನ್ನು ಮತ್ತೆ ಕೈಯಾರೆ ಹಾಕುತ್ತಿರಬೇಕು. ಬ್ಯಾಂಕ್ ವ್ಯವಹಾರ ನಡೆಯುವ ಲ್ಯಾಪ್‌ಟಾಪಿಗೆ ಅದು ಬೇಡ.

ಟ್ಯಾಲಿ, ಡಿಜಿಟಲ್ ಸಹಿ ಅನಿವಾರ್ಯವಾದವರು ವಿಂಡೋಸ್‌ನಲ್ಲೇ ಇರಬೇಕಾಗುತ್ತದೆ. ಬ್ರೌಸರ್, ವಿಡಿಯೊ, ಪತ್ರ, ಮಕ್ಕಳ ಪಾಠ ಇಷ್ಟೇ ಆದರೆ ಲಿನಕ್ಸ್ ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಒಳ್ಳೆಯ ಆಯ್ಕೆ. ಕನಿಷ್ಠ 2 ಜಿಬಿ ರ‍್ಯಾಮ್ ಕೇಳುತ್ತದೆ, 4ರಲ್ಲಿ ಹಾಯಾಗಿ ನಡೆಯುತ್ತದೆ, 2029ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಧ್ವನಿ, ಕ್ಯಾಮೆರಾ ಮೂರನ್ನೂ ನೋಡಿ, ಆಮೇಲೆ ಇನ್‌ಸ್ಟಾಲ್ ಮಾಡಿ.

ವಿಂಡೋಸ್ 8 ಅಥವಾ ನಂತರದ ವಿಂಡೋಸ್ ಜೊತೆಗೇ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಲೈಸನ್ಸ್ ಕೀ ಮದರ್‌ಬೋರ್ಡಿನ ಚಿಪ್‌ನಲ್ಲೇ ಇರುತ್ತದೆ, ಇನ್‌ಸ್ಟಾಲರ್ ತಾನೇ ಓದಿಕೊಳ್ಳುತ್ತದೆ. ನಮ್ಮಲ್ಲಿ ಮಾರಾಟವಾದ ಬಹಳಷ್ಟರಲ್ಲಿ ಇರುವುದು ವಿಂಡೋಸ್‌ನ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಆವೃತ್ತಿ. ಅದರ ಮೇಲೆ ಪ್ರೊ ಹಾಕಿದರೆ ಆ್ಯಕ್ಟಿವೇಟ್ ಆಗುವುದಿಲ್ಲ. ಆಗ ‘ಆ್ಯಕ್ಟಿವೇಟರ್’ ಎಂಬ ಕಳ್ಳ ತಂತ್ರಾಂಶ ಓಡಿಸುವುದು ಬಲು ದೊಡ್ಡ ತಪ್ಪು. ಅದು ಆ್ಯಂಟಿವೈರಸ್ ಆಫ್ ಮಾಡಿ ಎಂದು ಕೇಳುತ್ತದೆ, ಮಾಲ್‌ವೇರ್ ಒಳಬರುವುದು ಆ ಬಾಗಿಲಿನಿಂದಲೇ. ಸಿಂಗಲ್ ಲ್ಯಾಂಗ್ವೇಜ್‌ನ ನಿರ್ಬಂಧ ಮೆನುವಿನ ಭಾಷೆಗೆ ಮಾತ್ರ, ಕನ್ನಡ ಟೈಪಿಂಗಿಗೆ ಅಡ್ಡಿಯಿಲ್ಲ.

ಪೆನ್‌ಡ್ರೈವ್, ಬೂಟ್, ನಡುವೆ ನಿಲ್ಲುವುದು

8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್ ಬೇಕು. ಅದರಲ್ಲಿರುವುದೆಲ್ಲ ಅಳಿಸುತ್ತದೆ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಅಥವಾ ರೂಫಸ್ ಬಳಸಿ. ಐಎಸ್‌ಒ (ಓಎಸ್ ಇನ್‌ಸ್ಟಾಲರ್ ಇರುವ ಒಂದೇ ದೊಡ್ಡ ಫೈಲ್) ಒಳಗಿನ ಫೈಲ್‌ಗಳನ್ನು ಸುಮ್ಮನೆ ಪೆನ್‌ಡ್ರೈವ್‌ಗೆ ಎಳೆದು ಹಾಕಿದರೆ, ಪೆನ್‌ಡ್ರೈವ್‌ನ ಫ್ಯಾಟ್32 ವಿನ್ಯಾಸದಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸದೆ ನಕಲು ನಿಲ್ಲುತ್ತದೆ. ರೂಫಸ್‌ನಲ್ಲಿ ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಇರುವ ಲ್ಯಾಪ್‌ಟಾಪಿಗೆ ಜಿಪಿಟಿ, ಹಳೆಯ ಬಯೋಸ್‌ಗೆ ಎಂಬಿಆರ್ ಎಂಬ ಡಿಸ್ಕ್ ವಿಭಜನೆಯ ಮಾದರಿ ಆರಿಸಿ. ಇದು ತಪ್ಪಿದಾಗಲೇ ‘ಈ ಡಿಸ್ಕಿನಲ್ಲಿ ವಿಂಡೋಸ್ ಹಾಕಲಾಗದು, ಇದು ಜಿಪಿಟಿ ಮಾದರಿಯದು’ ಎಂಬ ಸಂದೇಶ ಬರುವುದು. ಡಿಸ್ಕನ್ನು ಬೈಯದೆ, ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಹೆಸರಿನ ಮುಂದೆ ಯುಇಎಫ್‌ಐ ಎಂದಿರುವ ಸಾಲನ್ನು ಆರಿಸಿ ಮತ್ತೆ ಶುರುಮಾಡಿ.

ಬೂಟ್ ಮೆನುವಿಗೆ ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಮೊದಲು ಎಫ್2 ಒತ್ತಿ ಬಯೋಸ್‌ಗೆ ಹೋಗಿ ಎಫ್12 ಮೆನು ಚಾಲೂ ಮಾಡಬೇಕಾಗಬಹುದು. ಲೆನೊವೊ ಐಡಿಯಾಪ್ಯಾಡ್‌ಗಳ ಪಕ್ಕದಲ್ಲಿ ಪಿನ್ ಚುಚ್ಚುವ ಸಣ್ಣ ನೋವೊ ಬಟನ್ ಇರುತ್ತದೆ. ಕೀಗೆ ಉತ್ತರವೇ ಬರದಿದ್ದರೆ, ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿ. ಫಾಸ್ಟ್ ಸ್ಟಾರ್ಟಪ್ ಇದ್ದಾಗ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ.

ಡಿಸ್ಕ್ ಆರಿಸುವ ಪರದೆಯಲ್ಲಿ ಅವಸರ ಬೇಡ. 1 ಟಿಬಿ ಇಲ್ಲಿ 931 ಜಿಬಿ, 500 ಜಿಬಿ 465, 256 ಜಿಬಿ 238 ಎಂದು ಕಾಣುತ್ತದೆ. ಬ್ಯಾಕಪ್ ಡಿಸ್ಕನ್ನು ಮೊದಲೇ ಕಿತ್ತಿಡಿ. ಹೊಸದಾಗಿ ಹಾಕುವಾಗ ಆ ಡಿಸ್ಕಿನ ಎಲ್ಲ ಪಾರ್ಟಿಷನ್ ಅಳಿಸಿ, ಉಳಿಯುವ ಖಾಲಿ ಜಾಗವನ್ನು ಆರಿಸಿ ನೆಕ್ಸ್ಟ್ ಒತ್ತಿದರೆ ವಿಂಡೋಸ್ ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ.

ಫೈಲ್ ಬಿಚ್ಚುವಾಗ 80070570 ಎಂಬ ದೋಷಸಂಖ್ಯೆ ಬಂದರೆ ಫೈಲ್ ಹಾಳಾಗಿ ತಲುಪಿದೆ ಎಂದರ್ಥ. ಮೊದಲು ಬೇರೆ ಪೆನ್‌ಡ್ರೈವ್, ಬೇರೆ ಪೋರ್ಟ್. ನಂತರ ಐಎಸ್‌ಒ ಮತ್ತೆ ಡೌನ್‌ಲೋಡ್. ಆಮೇಲೂ ಬಂದರೆ ರ‍್ಯಾಮ್ ಅನುಮಾನಿಸಿ, ಮೆಮ್‌ಟೆಸ್ಟ್86 ಪ್ಲಸ್ ಅನ್ನು ರಾತ್ರಿಯಿಡೀ ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ರ‍್ಯಾಮ್ ಬೇಡ. ಎರಡು ಕಡ್ಡಿಗಳಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಪ್ರತಿಸಲ ಬೇರೆ ಬೇರೆ ಜಾಗದಲ್ಲಿ ನಿಲ್ಲುವುದು ರ‍್ಯಾಮ್ ಅಥವಾ ಶಾಖದ ಲಕ್ಷಣ. ಪ್ರತಿಸಲ ಅದೇ ಶೇಕಡಾದಲ್ಲಿ ನಿಲ್ಲುವುದು ಡಿಸ್ಕ್ ಅಥವಾ ಪೆನ್‌ಡ್ರೈವ್‌ನ ಲಕ್ಷಣ.

ಮೊದಲ ದಿನ

ಹೊಸ ವಿಂಡೋಸ್ ಮೊದಲ ಕೆಲವು ಗಂಟೆ ಅಪ್‌ಡೇಟ್ ಎಳೆದುಕೊಳ್ಳುತ್ತದೆ, ಫೈಲ್‌ಗಳ ಪಟ್ಟಿ ಮಾಡುತ್ತದೆ. ಆಗ ವೇಗ ಅಳೆಯಬೇಡಿ. ವೈಫೈ ಕಾಣದಿದ್ದರೆ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿದರೆ ಇಂಟರ್ನೆಟ್ ಬರುತ್ತದೆ, ವಿಂಡೋಸ್‌ಗೂ ಮಿಂಟ್‌ಗೂ. ಅಕ್ಷರ ದಪ್ಪದಪ್ಪ ಕಂಡು ಬ್ರೈಟ್‌ನೆಸ್ ಬದಲಾಗದಿದ್ದರೆ ಡಿಸ್‌ಪ್ಲೇ ಡ್ರೈವರ್ ಬಂದಿಲ್ಲ. ತಳದ ಚೀಟಿಯಲ್ಲಿರುವ ಸೀರಿಯಲ್ ಸಂಖ್ಯೆ ಕೊಟ್ಟು ತಯಾರಕರ ತಾಣದಿಂದಲೇ ಡ್ರೈವರ್ ಪಡೆಯಿರಿ. ‘ಡ್ರೈವರ್ ಅಪ್‌ಡೇಟರ್’ ಎಂದು ಜಾಹೀರಾತು ಕೊಡುವ ತಂತ್ರಾಂಶ ಬೇಡ.

ಕನ್ನಡಕ್ಕೆ ವಿಂಡೋಸ್ ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲಿ ಕನ್ನಡ ಸೇರಿಸಿ. ಹಳೆಯ ಯೂನಿಕೋಡ್ ಕಡತಗಳು ಕೇಳುವ ತುಂಗಾ ಫಾಂಟ್ ಈಗ ವಿಂಡೋಸ್ ಜೊತೆಗೇ ಬರುವುದಿಲ್ಲ. ಭಾಷೆ ಸೇರಿಸಿದ ಮೇಲೂ ಅದು ಕಾಣದಿದ್ದರೆ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟುಗಳನ್ನು ಆರಿಸಬೇಕು. ಮಿಂಟ್‌ನಲ್ಲಿ ಹಲವು ಭಾಷೆಗಳ ಟೈಪಿಂಗಿಗೆ ಇರುವ ಐಬಸ್ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿದರೆ ಕೆಜಿಪಿ ಕೀಲಿವಿನ್ಯಾಸ ಸಿಗುತ್ತದೆ, ನುಡಿಯಲ್ಲಿ ಕೈ ಪಳಗಿದವರು ಕಷ್ಟವಿಲ್ಲದೆ ಟೈಪ್ ಮಾಡಬಹುದು. ಎತ್ತಿಟ್ಟ ನುಡಿ ಫಾಂಟುಗಳನ್ನು ಇಲ್ಲಿಗೂ ನಕಲು ಮಾಡಿದರೆ ಹಳೆಯ ಕಡತಗಳು ಲಿಬ್ರೆಆಫೀಸ್‌ನಲ್ಲಿ ಓದಲು ಬರುತ್ತವೆ.

ಬಿಚ್ಚಿದ ಹಳೆಯ ಡಿಸ್ಕನ್ನು ಕೂಡಲೇ ಅಳಿಸಬೇಡಿ. 2.5 ಇಂಚಿನ ಯುಎಸ್‌ಬಿ ಕೇಸಿಗೆ ಹಾಕಿ, ದಿನಾಂಕ ಬರೆದ ಚೀಟಿ ಅಂಟಿಸಿ, ಎರಡು ತಿಂಗಳು ಕಪಾಟಿನಲ್ಲಿಡಿ. ಮರೆತುಹೋದ ಒಂದು ಫೋಲ್ಡರ್ ನೆನಪಾಗುವುದು ಸಾಮಾನ್ಯವಾಗಿ ಮೂರನೆಯ ವಾರದಲ್ಲಿ, ತೆರಿಗೆಯದೋ ಅಂಕಪಟ್ಟಿಯದೋ ಕಾಗದ ಬೇಕಾದಾಗ. ಆಮೇಲೂ ಸಿ5 ಸೊನ್ನೆಯಿರುವ ಡಿಸ್ಕನ್ನು ಹೆಚ್ಚುವರಿ ಬ್ಯಾಕಪ್‌ಗೆ ಬಳಸಬಹುದು. ಸಿ5 ಏರಿರುವುದನ್ನು ಗುಜರಿಗೆ ಹಾಕುವ ಮುನ್ನ ಪೂರ್ತಿ ಅಳಿಸಿ. ಅಳಿಸಲು ಬಾರದಷ್ಟು ಕೆಟ್ಟಿದ್ದರೆ ಡ್ರಿಲ್ ಹಿಡಿದು ತಟ್ಟೆಗೆ ತಾಗುವಂತೆ ಮೂರು ನಾಲ್ಕು ತೂತು ಕೊರೆದು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. 2.5 ಇಂಚಿನ ಡಿಸ್ಕಿನ ತಟ್ಟೆ ಹಲವು ಸಲ ಗಾಜಿನದು, ಕೊರೆಯುವಾಗ ಚೂರಾಗಿ ಸಿಡಿಯುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ.